ಸೀತನಿ ಹೊಲ

ವೈಜನಾಥಬುವಾ ಗೋಡೆಗೆ ಒರಗಿ, ಕಾಲು ಮಡಚಿ ಕೂತಿದ್ದರು. ಹಾಗಾಗಿಯೇ ತಂಗಿ ಸುಮನಬಾಯಿ ಬಹಳ ಹೊತ್ತು ಅವರ ಜೊತೆ ಮಾತಾಡಿದಳು.

ಉಮರ್ಗಾದ ಸಂತೆಯಿಂದ ಆಗಷ್ಟೇ ಬಂದಿದ್ದಳು. ಚೀಲ ಇಳಿಸುತ್ತ ಆಟೋದವನನ್ನು ಬೈದಳು. ಬದನೆಕಾಯಿ ಮಾರುವವಳನ್ನು ಬೈದಳು. ಚೀಲದ ತಳದಿಂದ ವಿಭೂತಿ ಗಟ್ಟಿ ತೆಗೆದು, "ಅಣ್ಣಾ, ತಗೋ ನಿನ್ನ ಇಬತ್ತಿ. ಮುಂಜಾನಿಂದ ಜೀವಾ ತಿಂದಿದ್ದಿ" ಎಂದಳು. ಅಣ್ಣ ಕೈ ಚಾಚಲಿಲ್ಲ. ಮನೆಯಲ್ಲಿ ವಿಭೂತಿ ತೀರಿ, ಬರಿ ಹಣೆಯಲ್ಲಿ ಪೂಜೆ ಮಾಡಬೇಕಾಯಿತಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡಳು. ಚಹಾ ಕಾಸಿ ಮುಂದಿಟ್ಟಳು. ಚಹಾಕ್ಕೆ ಕೆನೆ ಕಟ್ಟಿತು. ಆಗ ಹತ್ತಿರ ಹೋಗಿ ಭುಜ ಅಲುಗಿಸಿದಳು.

ಆಕೆಯ ಕೂಗು ಕೇಳಿ ದಾಳಿಂಬ ಎಂಬ ಆ ಊರು ಅರ್ಧಕ್ಕರ್ಧ ಓಡಿ ಬಂತು.

ಉಮರ್ಗಾ ಠಾಣೆಯಿಂದ ಸಹಾಯಕ ಇನ್ಸ್‌ಪೆಕ್ಟರ್ ಮೀನಲ ಬಿರಾಜದಾರ ಬಂದಳು. ಜೊತೆಗೆ ಹವಾಲ್ದಾರ ಬಾಲಾಜಿ. ಮಹಾರಾಷ್ಟ್ರದ ಗಡಿಯ ಊರದು; ಮೀನಲಳ ಮನೆಮಾತು ಕನ್ನಡ, ಕಚೇರಿಮಾತು ಮರಾಠಿ, ಬೈಗುಳ ಎರಡರಲ್ಲೂ ಬರುತ್ತಿತ್ತು. ಅಂಗಳದ ಜನರನ್ನು ಹೊರಗೆ ಹಾಕಲು ಎರಡನ್ನೂ ಬಳಸಿದಳು. ನಂತರ ಒಳಗೆ ಹೋಗಿ ಮಂಡಿಯೂರಿ ಕೂತಳು.

ಮುದುಕರ ತಲೆಗೂ ಗದ್ದಕ್ಕೂ ಸೇರಿಸಿ ಮಫ್ಲರ್ ಬಿಗಿದಿತ್ತು. ಎದೆಯ ಸುತ್ತ ಶಾಲು. ಶಾಲಿನ ತುದಿ ಬೆನ್ನಿನ ಹಿಂದೆ ಗೋಡೆಯ ಗೂಟಕ್ಕೆ ಗಂಟು ಹಾಕಿತ್ತು. ಎಡಗೈ ತೊಡೆಯ ಮೇಲೆ, ಅಂಗೈಯಲ್ಲಿ ಅವರ ಇಷ್ಟಲಿಂಗ. ಹಣೆಯಲ್ಲಿ ಮೂರು ಗೆರೆ ವಿಭೂತಿ. ಮೀನಲ ಮಫ್ಲರ್ ಸರಿಸಿದಳು. ಬಲ ಕಣತಲೆಯಲ್ಲಿ ಗಾಯ. ಅಲ್ಲಿಂದ ರಕ್ತ ಹಣೆಗೆ ಹರಿದು ಒಣಗಿತ್ತು. ವಿಭೂತಿ ಇದ್ದದ್ದು ಆ ರಕ್ತದ ಮೇಲೆ.

"ಇವರನ್ನ ಯಾರು ಕೂಡಿಸಿದ್ರು?" ಎಂದು ಕೇಳಿದಳು.

"ಯಾರೂ ಮುಟ್ಟಿಲ್ರಿ ಮ್ಯಾಡಮ್," ಪಕ್ಕದ ಮನೆಯ ಗುರುನಾಥ ಹೇಳಿದ. "ನಾವು ಬಂದಾಗ ಹಿಂಗೇ ಕುಂತಿದ್ರು."

ಸುಮನಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು. "ಥಂಡಿಗಿ ಮಫ್ಲರ್ ಕಟ್ಟಿಕೊಂಡಾನ ಅಂದುಕೊಂಡ್ಯಾ. ನನ್ನ ಕಣ್ಣೂ ಮಂಜ್ರಿ."

ಮೀನಲಳಿಗೆ ಅಜ್ಜನ ನೆನಪಾಯಿತು. ಅಜ್ಜ ಹೋದಾಗ ಮನೆಯವರು ಹೀಗೆಯೇ, ಮೈ ಸೆಟೆಯುವ ಮೊದಲು ಗೋಡೆಗೆ ಕೂಡಿಸಿದ್ದರು. ಲಿಂಗಾಯತರ ಮನೆಯಲ್ಲಿ ಹೆಣ ಮಲಗುವುದಿಲ್ಲ. ಆದರೆ ಅದನ್ನು ಮನೆಯವರು ಮಾಡುತ್ತಾರೆ, ಅಳುತ್ತ ಮಾಡುತ್ತಾರೆ. ಇಲ್ಲಿ ಮನೆಯವಳು ಸಂತೆಯಲ್ಲಿದ್ದಳು. ಕೂಡಿಸಿದವರು ಯಾರೋ ಬೇರೆ. ಕೂಡಿಸಿ, ಸುಮ್ಮನೆ ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದಾರೆ.

ಮೂಲೆಯಲ್ಲಿ ಕಲ್ಲಿನ ಒರಳು ಇತ್ತು. ಅದರ ಅಂಚನ್ನು ಒರೆಸಿದ್ದರೂ ಕಲೆ ಉಳಿದಿತ್ತು. ಒರಳಿನ ಆಚೆ ಹಳೆಯ ಹಾರ್ಮೋನಿಯಂ. ಅದರ ಪೆಟ್ಟಿಗೆಯ ಮುಚ್ಚಳಕ್ಕೆ ಬಿಳಿ ಹತ್ತಿತ್ತು. ಗೋಡೆಯ ಸುಣ್ಣವಿರಬೇಕೆಂದು ಮೀನಲ ಅದನ್ನು ಅಲ್ಲಿಗೇ ಬಿಟ್ಟಳು. ಗೂಡಿನಲ್ಲಿ ಟೇಪ್ ರೆಕಾರ್ಡರ್ ಬಾಯಿ ತೆರೆದುಕೊಂಡಿತ್ತು. ಅದರ ಮೇಲೊಂದು ಕ್ಯಾಸೆಟ್ ಡಬ್ಬಿ. ಡಬ್ಬಿಯ ಕಾಗದದ ಮೇಲೆ ಎಳೆ ಜೋಳದ ಚಿತ್ರ, ಬುವಾ ಅವರ ಹರೆಯದ ಮುಖ, ಇಸವಿ, ಮತ್ತು ದಪ್ಪ ಅಕ್ಷರದಲ್ಲಿ 'ಸೀತನಿ ಹೊಲ'. ಡಬ್ಬಿ ಖಾಲಿ.

"ಟೇಪ್ ಎಲ್ಲದರಿ?"

ಸುಮನಬಾಯಿ ಆಗಲೇ ಅದನ್ನು ಕಂಡದ್ದು. ಅಣ್ಣ ಸತ್ತದ್ದು ಆಗ ಇನ್ನೊಮ್ಮೆ ಗೊತ್ತಾದ ಹಾಗೆ ಗೋಡೆ ಹಿಡಿದು ಕುಸಿದಳು.

"ಗಂಟಲದ ಆಪರೇಶನ್ ಆದ ಮ್ಯಾಲೆ ಅಂವಾ ಹಾಡೇ ಇಲ್ರಿ. ಮಾತು ಸೈತ ಪಿಸುಪಿಸು. ಅಂವನ ಧ್ವನಿ ಅದೊಂದರಾಗೇ ಉಳಿದಿತ್ತು. ಊರಾಗಿನ, ಅಂಗಡ್ಯಾಗಿನ ಬಾಕಿ ಕ್ಯಾಸೆಟ್ ಎಲ್ಲಾ ಹಾಳಾಗಿ ಹೋಗ್ಯಾವ." ಆಮೇಲೆ ತನಗೇ ಎಂಬಂತೆ ಗುನುಗಿದಳು. "ಸೀತನಿ ಹೊಲದಾಗ ಹೊಗಿ ಎದ್ದು ನಿಂತದ, ಯಾರನ್ನ ಕರೀತದ ಹೆಸರ... ಹಿಡಿದು." ಅಲ್ಲಿಗೆ ಹಾಡು ನಿಲ್ಲಿಸಿದಳು. "ಹೆಸರ ಅಂದು ಒಂದು ಉಸಿರು ತಗೋತಿದ್ದ. ಎಲ್ಲಾರೂ ಸಾಲಿನ ಕಡಿಗಿ ತಗೋತಾರ. ಇಂವಾ ಅಲ್ಲೇ ತಗೋತಿದ್ದ."

ಮೀನಲಳ ಕೈ ಹಿಡಿದಳು. "ಹೋದಂವಾ ಹೋದ. ಅಂವನ ಧ್ವನಿ ಒಂದ್ ತಂದ ಕೊಡ್ರಿ ಬಾಯಿ."

"ತರ್ತೀನಿ ಅವ್ವ," ಅಂದಳು ಮೀನಲ. ಅನ್ನಬಾರದಿತ್ತು. ಅಂದುಬಿಟ್ಟಳು.

ಸಂಜೆ ಹೊತ್ತಿಗೆ ನಿಲಂಗಾದಿಂದ ಕೈಲಾಸ ಓಡೋಡಿ ಬಂದ. ಬಸವಕಲ್ಯಾಣದ ಕಡೆಯಿಂದ ಕೂಲಿಗೆ ಬಂದವರ ಮಗ. ಹೆತ್ತವರು ಹೋದ ಮೇಲೆ ಬುವಾ ಸಾಕಿ, ಹಾರ್ಮೋನಿಯಂ ಕಲಿಸಿದ್ದರು. ಈಗ ಮೂವತ್ತು ದಾಟಿದವನು, ನಿಲಂಗಾದಲ್ಲಿ ಟಿವಿ ಧಾರಾವಾಹಿಯವರ ಹತ್ತಿರ ನುಡಿಸುತ್ತಾನೆ. ಗುರುವಿನ ಪಾದದ ಮೇಲೆ ಬಿದ್ದು ಎಳೆಯ ಮಗುವಿನ ಹಾಗೆ ಅತ್ತ. ಅವನನ್ನು ನೋಡಿ ಬಾಲಾಜಿಯೂ ಕಣ್ಣು ಒರೆಸಿಕೊಂಡ.

*

ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ಉಮಾಕಾಂತ ಸರ್. ಉದಗೀರದ ನಿವೃತ್ತ ಕನ್ನಡ ಮೇಷ್ಟ್ರು. ಅವರದೊಂದು ಕಾದಂಬರಿ ಇದೆ. ಅದರ ಹೆಸರೂ 'ಸೀತನಿ ಹೊಲ'. ಈಗ ನಿಲಂಗಾದ ಸುತ್ತ ಚಿತ್ರೀಕರಣ ಆಗುತ್ತಿರುವ ಕನ್ನಡ ಧಾರಾವಾಹಿಯ ಹೆಸರೂ 'ಸೀತನಿ ಹೊಲ'. ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರಿಗೆ ಅದರ ಬ್ಯಾನರ್ ಬಿದ್ದ ದಿನದಿಂದ ಜಗಳ. ಟಿವಿಯವರು ನನ್ನ ಹಾಡಿನ ಹೆಸರು ಕದ್ದರು ಎಂದು ಬುವಾ. ನನ್ನ ಕಾದಂಬರಿಯ ಹೆಸರು ಕದ್ದರು ಎಂದು ಮೇಷ್ಟ್ರು. ಮೊದಲು ಕದ್ದವನು ನೀನು, ಅಲ್ಲ ನೀನು, ಎಂದು ಇಬ್ಬರೂ ಹಿಂದಿನ ವಾರ ಬುವಾ ಅವರ ಅಂಗಳದಲ್ಲೇ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿದ್ದರು.

"ಮೇಷ್ಟ್ರೂ ಲಿಂಗಾಯತರೇ ರೀ ಮ್ಯಾಡಮ್," ಜೀಪು ನಡೆಸುತ್ತ ಬಾಲಾಜಿ ಹೇಳಿದ. "ಕೂಡಿಸೋದು ಅವರಿಗೂ ಗೊತ್ತದ. ಕೇಸ್ ಮುಗೀತು."

ಉದಗೀರದ ಕೋಟೆಯ ಹತ್ತಿರದ ಮನೆ. ಮೇಷ್ಟ್ರು ಮಂಚದ ಮೇಲೆ ಕೂತಿದ್ದರು. ಮಂಚದ ಕೆಳಗೆ ಮಾರಾಟವಾಗದ ಕಾದಂಬರಿಯ ಕಟ್ಟುಗಳು. ಬುವಾ ಸತ್ತ ಮುಂಜಾನೆ ಎಲ್ಲಿದ್ದಿರಿ ಎಂದರೆ, ಒಂದು ಶಾಲೆಯ ಸಮಾರಂಭದಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದ ಫೋಟೋ ತೋರಿಸಿದರು. ಹಿಂದೆ ನೂರಾರು ಮಕ್ಕಳು. ಬಾಲಾಜಿಯ ಮುಖ ಬಾಡಿತು.

"ನಮ್ಮವ್ವ ದಾಳಿಂಬದಾಕಿ," ಮೇಷ್ಟ್ರು ತಾವಾಗಿಯೇ ಶುರು ಮಾಡಿದರು. "ಊರ ಹೊರಗ ಒಂದು ಹೊಲ ಅದರಿ. ಜ್ವಾಳದ ಪೀಕ ಎಲ್ಲಾಕಿಂತ ಮೊದಲು ಅಲ್ಲಿ ಹಾಲುಗಾಳು ಹಿಡೀತದ. ಊರಿನವರೆಲ್ಲಾ ಸೀತನಿ ತಿನ್ನಾಕ ಅಲ್ಲಿಗೇ ಹೋಗ್ತಾರ. ಕುಣಿ ತೋಡಿ, ಕುಳ್ಳು ಹಚ್ಚಿ, ಎಳಿ ತೆನಿ ಸುಟ್ಟು ಕೈಯಾಗ ತಿಕ್ಕಿ ತಿನ್ನೋದು. ಅದಕ್ಕ ಸೀತನಿ ಹೊಲ ಅಂತಾರ. ನಾನೂ ವೈಜೂನೂ ಸಣ್ಣವರಿದ್ದಾಗ ಒಂದೇ ಕುಣಿ ಮುಂದ ಕುಂತು ತಿಂದೀವಿ. ಅಂವಾ ಹಾಡಿಗಿ ಆ ಹೆಸರಿಟ್ಟ. ನಾ ಪುಸ್ತಕಕ್ಕ ಇಟ್ಟೆ. ಯಾರದು ಯಾರು ಕದ್ರು ಹೇಳ್ರಿ?"

"ಇದನ್ನ ಅವತ್ತು ಅವರಿಗಿ ಹೇಳಬೇಕಿತ್ತಲ್ರಿ ಸರ್."

"ಸಿಟ್ಟಿತ್ತು." ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಅಂವನ ಕ್ಯಾಸೆಟ್ ಡಬ್ಬಿ ಮ್ಯಾಲೆ ಇಸವಿ ಅದ. ನನ್ನ ಪುಸ್ತಕಕ್ಕಿಂತ ಮೊದಲಿಂದು. ಅದನ್ನ ನನ್ನ ಮುಖಕ್ಕ ಹಿಡದಿದ್ದ. ಆ ಡಬ್ಬಿ ಒಂದು ಇರಲಾರದಂಗ ಆಗಲಿ ಅಂತ ಮನಸಿನಾಗ ಅಂದುಕೊಂಡಿದ್ದೆ. ಅಷ್ಟೇ ನನ್ನ ಪಾಪ."

ಮರಳುವಾಗ ಜೀಪಿನಲ್ಲಿ ಮೀನಲ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೆಸರಿಗಾಗಿ ಹೊಡೆದಾಡುವವನು ಡಬ್ಬಿ ಒಯ್ಯುತ್ತಿದ್ದ. ಹೆಸರು, ಇಸವಿ, ಮುಖ, ಎಲ್ಲ ಇದ್ದದ್ದು ಡಬ್ಬಿಯ ಮೇಲೆ. ಬಂದವನು ಅದನ್ನು ಕಣ್ಣೆದುರಿಗೇ ಬಿಟ್ಟಿದ್ದಾನೆ. ಒಯ್ದದ್ದು ಧ್ವನಿಯನ್ನು. ಹಾಗಾದರೆ ಅವನಿಗೆ ಹೆಸರಿನ ಹೆದರಿಕೆ ಇರಲಿಲ್ಲ.

*

ನಿಲಂಗಾದ ಕೋರ್ಟಿನ ಎದುರಿಗೆ ವಕೀಲ ಸೂರ್ಯಕಾಂತರ ಖೋಲಿ. ಬುವಾ ಸಾಯುವ ಹಿಂದಿನ ದಿನ ಅವರ ಹತ್ತಿರ ಬಂದಿದ್ದರು.

"ನಾ ಸ್ಪಷ್ಟ ಹೇಳಿಬಿಟ್ಟೆ ಮ್ಯಾಡಮ್," ವಕೀಲರು ಅಂದರು. "ಬರೀ ಹೆಸರಿಗಿ ಮಾಲೀಕ ಅಂತ ಯಾರೂ ಇರೋದಿಲ್ರಿ. ಒಂದೇ ಹೆಸರಿನ ಹಾಡು ಇರ್ತಾವ, ಪುಸ್ತಕ ಇರ್ತಾವ, ಸೀರಿಯಲ್ ಇರ್ತಾವ. ಯಾರೂ ಯಾರನ್ನೂ ತಡೀಲಿಕ್ಕೆ ಬರೋದಿಲ್ಲ. ಮುದುಕರ ಮುಖ ಸಣ್ಣ ಆಯ್ತು. ಪಾಪ ಅನ್ನಿಸ್ತು. ಹೆಸರಷ್ಟೇ ಅಲ್ಲ, ಹಾಡನ್ನೂ ತಗೊಂಡಿದ್ರ ಮಾತ್ರ ದಾವೆ ನಡೀತದ, ನಿಮ್ಮ ಟೇಪ್ ತಂದ ಕೊಡ್ರಿ, ಅವರ ಹಾಡಿನ ಜೊತಿ ಹೋಲಿಸಿ ನೋಡೂಣು ಅಂದೆ."

"ಅವರ ಹಾಡು ಬುವಾ ಕೇಳಿದ್ರೇನು?"

"ಇಲ್ಲ. ಸೀರಿಯಲ್ ಇನ್ನೂ ಶುರುನೇ ಆಗಿಲ್ಲಲ್ರಿ. ನಾಳೆನೇ ಟೇಪ್ ತರ್ತೀನಿ, ಕರಕೊಂಡ ಬರೋರು ಅದಾರ ಅಂದು ಇಲ್ಲಿಂದಲೇ ಯಾರಿಗೋ ಫೋನ್ ಹಚ್ಚಿದ್ರು. ಆ ಪಿಸುಧ್ವನಿ ಆ ಕಡಿಯವರಿಗಿ ತಿಳೀಲೇ ಇಲ್ಲ ಕಾಣತದ. ಮತ್ತ ಮತ್ತ ಹೇಳ್ತಿದ್ರು. ಟೇಪ್, ಟೇಪ್ ಅಂತ."

*

ಚಿತ್ರೀಕರಣ ನಿಲಂಗಾದಾಚೆ ಜಮೀನ್ದಾರರ ಒಂದು ಹಳೆಯ ವಾಡೆಯಲ್ಲಿ. ಅಲ್ಲಿಯ ಉಸ್ತುವಾರಿ ಶೈಲೇಶ, ಪುಣೆಯವನು. ಪೊಲೀಸರನ್ನು ಕಂಡದ್ದೇ, "ಕಾಯ್ ಝಾಲಂ ಮ್ಯಾಡಮ್?" ಏನಾಯಿತು ಎನ್ನುತ್ತ ಎದ್ದು ನಿಂತ. ಮುದುಕ ಬಂದು ಗಲಾಟೆ ಮಾಡಿದ್ದು ನಿಜ, ಆದರೆ ನಮಗೆ ಅವನಿಂದ ಏನೂ ಆಗಬೇಕಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಧಾರಾವಾಹಿಗೆ ಆ ಹೆಸರು ಕೊಟ್ಟದ್ದು ಯಾರೆಂದರೆ, ಶೀರ್ಷಿಕೆ ಗೀತೆ ಮಾಡಿದವನೇ ಎಂದ. ಸಾಹಿತ್ಯವೂ ಅವನದು, ರಾಗವೂ ಅವನದು, ಧ್ವನಿಯೂ ಅವನದು. ಬಹಳ ದೊಡ್ಡ ಕಲಾವಿದ. ಈಗ ಅಂಗಳದಲ್ಲಿ ಅವನು ಹಾಡುವುದನ್ನೇ ಚಿತ್ರೀಕರಿಸುತ್ತಿದ್ದೇವೆ, ಬನ್ನಿ.

ಅಂಗಳದಲ್ಲಿ ಕೈಲಾಸ ಕೂತಿದ್ದ.

ಮೀನಲ ಕಂಬದ ಹಿಂದೆ ನಿಂತಳು. ಕೈಲಾಸ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆರೆದ. ಒಳಗಿನ ಸಣ್ಣ ಖಾನೆಗೆ ಕೈ ಹಾಕಿದ. ವಿಭೂತಿ ಗಟ್ಟಿ ತೆಗೆದು ಬೆರಳು ತಿಕ್ಕಿ ಹಣೆಗೆ ಮೂರು ಗೆರೆ ಎಳೆದುಕೊಂಡ. ಮುಚ್ಚಳ ಹಾಕಿದಾಗ ಅದರ ಅಂಚಿಗೆ ಬಿಳಿ ಹತ್ತಿತು.

ಬುವಾ ಅವರ ಪೆಟ್ಟಿಗೆಗೆ ಹತ್ತಿದ್ದ ಬಿಳಿ ಸುಣ್ಣವಲ್ಲ ಎಂದು ಮೀನಲಳಿಗೆ ಆಗ ಹೊಳೆಯಿತು.

ಆಮೇಲೆ ಅವನು ಹಾಡಿದ. "ಸೀತನಿ ಹೊಲದಾಗ ಹೊಗಿ ಎದ್ದು ನಿಂತದ, ಯಾರನ್ನ ಕರೀತದ ಹೆಸರ..." ಅಲ್ಲಿ ಒಂದು ಉಸಿರು ತೆಗೆದುಕೊಂಡ. "...ಹಿಡಿದು."

ಎಷ್ಟು ಚೆಂದ ಹಾಡಿದನೆಂದರೆ, ಲೈಟು ಹಿಡಿದವರೂ ತಲೆದೂಗಿದರು. ಹಾಡು ಮುಗಿಯುವ ತನಕ ಮೀನಲ ಕದಲಲಿಲ್ಲ. ಮುಗಿಯದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

*

"ಹಾಡೋದಕ್ಕ ಮೊದಲು ಇಬತ್ತಿ ಹಚ್ಚೋದು ಯಾರು ಕಲಿಸಿದ್ರು ಕೈಲಾಸ?" ವಾಡೆಯ ಒಳಖೋಲಿಯಲ್ಲಿ ಕೂಡಿಸಿ ಕೇಳಿದಳು. ಶೈಲೇಶನೂ ಬಾಲಾಜಿಯೂ ಬಾಗಿಲಲ್ಲಿದ್ದರು.

"ಗುರುಗಳು ರೀ." ಅವನು ಸಹಜವಾಗಿ ಹೇಳಿದ. "ಬರಿ ಹಣಿ ಇಟಗೊಂಡು ಹಾರ್ಮೋನಿಯಂ ಪೇಟಿ ಮುಟ್ಟಬಾರದು ಅಂತಿದ್ರು. ಅವರ ಪೇಟಿಯಾಗೂ ಒಂದು ಗಟ್ಟಿ ಇರ್ತದ."

"ಸುಮನವ್ವಗ ಗೊತ್ತದೇನು?"

"ಪೇಟಿಗಿ ಅತ್ತಿ ಕೈ ಹಚ್ಚೋದಿಲ್ರಿ. ಅದು ನಾನು, ಗುರುಗಳು..." ಕೈಲಾಸ ಅಲ್ಲಿಗೆ ನಿಲ್ಲಿಸಿದ.

ಹೊರಗೆ ಯಾರೋ ಲೈಟು ಆರಿಸಿದರು. ಮೀನಲ ಧ್ವನಿ ಏರಿಸಲಿಲ್ಲ. ಏರಿಸಲು ಮನಸ್ಸೂ ಇರಲಿಲ್ಲ.

"ಆ ಮುಂಜಾನಿ ಮನ್ಯಾಗ ಇಬತ್ತಿ ಇರಲಿಲ್ಲ. ಅದನ್ನ ತರಲಿಕ್ಕೇ ಸುಮನವ್ವ ಉಮರ್ಗಾಕ್ಕ ಹೋಗಿದ್ರು. ಬುವಾ ಬರಿ ಹಣಿಲೇ ಪೂಜಿ ಮಾಡಿದ್ರು. ಪೇಟಿ ಮುಚ್ಚಳಾ ತೆಗೀಬಹುದಿತ್ತಲ್ಲ ಅಂತ ನೀ ಅನ್ನಬಹುದು. ಅದು ಹಾಡಿನ ಇಬತ್ತಿ. ಹಾಡು ನಿಂತ ಮ್ಯಾಲೆ ಅವರು ಅದನ್ನ ಮುಟ್ಟಿಲ್ಲ, ಹೌದಲ್ಲೋ?"

ಕೈಲಾಸ ಹೌದೆಂದು ತಲೆಯಾಡಿಸಿದ.

"ಮತ್ತ ಅವರ ಹಣಿಗಿ ಇಬತ್ತಿ ಎಲ್ಲಿಂದ ಬಂತು? ಅದೂ ರಕ್ತದ ಮ್ಯಾಲೆ. ಅಂದ್ರ ಹೋದ ಮ್ಯಾಲೆ ಯಾರೋ ಹಚ್ಯಾರ. ಪೇಟಿಯಾಗ ಗಟ್ಟಿ ಇರ್ತದ ಅಂತ ಗೊತ್ತಿದ್ದವರು. ಉಮಾಕಾಂತ ಸರ್‌ಗ ಅದು ಗೊತ್ತಿಲ್ಲ. ಈ ಶೈಲೇಶಗ ಹೆಣ ಕೂಡಿಸ್ತಾರ ಅನ್ನೋದೇ ಗೊತ್ತಿಲ್ಲ. ಹೆಸರಿನ ಸಲುವಾಗಿ ಬಂದವರಿದ್ರ ಡಬ್ಬಿ ಒಯ್ತಿದ್ರು. ನೀ ಡಬ್ಬಿ ಬಿಟ್ಟಿ, ಟೇಪ್ ಒಯ್ದಿ. ಹೆಸರು ಯಾರದಾದ್ರೂ ನಿನಗ ಚಿಂತಿ ಇರಲಿಲ್ಲ. ಆ ಟೇಪ್ ಯಾರಾದ್ರೂ ಕೇಳಿದ್ರ, ಹಾಡು ಯಾರದು ಅಂತ ಗೊತ್ತಾಗ್ತಿತ್ತು. ವಕೀಲರ ಹತ್ತರ ಕರಕೊಂಡ ಹೋಗು ಅಂತ ಬುವಾ ಫೋನ್ ಮಾಡಿದ್ದು ನಿನಗೇ."

ಕೈಲಾಸ ಒಂದು ಸುಳ್ಳನ್ನೂ ಹೇಳಲಿಲ್ಲ. ಹೇಳಿದ್ದರೆ ಮೀನಲಳಿಗೆ ಸ್ವಲ್ಪ ಹಗುರ ಆಗುತ್ತಿತ್ತು.

"ನಿನ್ನ ಹಾಡೇನು ಅಂತ ಈ ಟಿವಿಯವರು ಕೇಳಿದ್ರು," ಅಂದ. "ನಂದು ಅಂತ ಒಂದೂ ಇರಲಿಲ್ರಿ. ಬಾಯಿಗಿ ಇದೇ ಬಂತು. ಒಮ್ಮೆ ನಂದು ಅಂದೆ. ಆಮ್ಯಾಲೆ ಹೆಂಗ ಅಲ್ಲ ಅನ್ನಲಿ? ಅವತ್ತು ಹೋದಾಗ ಗುರುಗಳು ಟೇಪ್ ಹಚ್ಚಿಕೊಂಡು ಕುಂತಿದ್ರು. ಎಲ್ಲಾ ಹೇಳಿ ಕಾಲು ಹಿಡದೆ. ಕಳ್ಳಾ ಅನ್ನಲಿಲ್ಲ. ಬೈಲೂ ಇಲ್ಲ. ಅಳಲಿಕ್ಕತ್ತಿದ್ರು. ನಾ ಟೇಪ್ ಕಸಕೊಳ್ಳಲಿಕ್ಕೆ ಹೋದೆ, ಅವರು ಬಿಡಲಿಲ್ಲ. ಜಗ್ಗಿದೆ. ಒರಳಿನ ಮ್ಯಾಲೆ ಬಿದ್ರು."

"ಮತ್ತ ಕೂಡಿಸಿದಿ."

"ಮೈ ಸೆಟೀತದಲ್ರಿ." ಅವನು ತನ್ನ ಹಣೆ ಮುಟ್ಟಿಕೊಂಡ. "ಅತ್ತಿ ಯಾವಾಗ ಬರ್ತಾರೋ ಏನೋ. ಹಂಗೇ ಬಿದ್ದಲ್ಲೇ ಬಿಟ್ಟು ಹೆಂಗ ಹೋಗಲಿ? ಬರಿ ಹಣಿಲೇ ಹೆಂಗ ಕಳಸಲಿ? ನನ್ನ ಸಾಕ್ಯಾರ ರೀ ಅವರು."

ಬಾಲಾಜಿ ಮುಖ ತಿರುವಿಕೊಂಡ.

"ಟೇಪ್ ಎಲ್ಲದ?" ಮೀನಲ ಕೇಳಿದಳು. ಇಡೀ ಕೇಸಿನಲ್ಲಿ ಆಕೆಗೆ ಬೇಕಾಗಿದ್ದ ಉತ್ತರ ಅದೊಂದೇ ಆಗಿತ್ತು.

"ಸೀತನಿ ಹೊಲದ ಕುಣಿಯಾಗ ರೀ," ಅಂದ ಕೈಲಾಸ.

*

ಸೀತನಿ ಹೊಲ ದಾಳಿಂಬದ ಹೊರಗೆ, ರಸ್ತೆಯ ಪಕ್ಕದಲ್ಲೇ. ಜೋಳ ಎದೆಮಟ್ಟ ನಿಂತಿತ್ತು. ಬದುವಿನಲ್ಲಿ ತೆನೆ ಸುಡುವ ಕುಣಿ. ಮೀನಲ ಬೂದಿಯನ್ನು ತಾನೇ ಕೈಯಿಂದ ಕೆದಕಿದಳು. ಸುರುಟಿ ಕರಗಿ ಗಡ್ಡೆಯಾದ ಕರಿ ಟೇಪು ಸಿಕ್ಕಿತು. ಮುಟ್ಟಿದರೆ ಪುಡಿಯಾಗುತ್ತಿತ್ತು. ಕೊಲೆಗೆ ಅದು ಸಾಕ್ಷಿಯಾಗುತ್ತದೆ. ಹಾಡಿಗೆ ಆಗುವುದಿಲ್ಲ.

ಆದರೂ ಪ್ರಯತ್ನ ಬಿಡಲಿಲ್ಲ. ಧಾರಾವಾಹಿಯ ಹಾಡಿನಿಂದ ಕೈಲಾಸನ ಹೆಸರು ತೆಗೆದು ಬುವಾ ಅವರ ಹೆಸರು ಹಾಕಿ ಎಂದು ಶೈಲೇಶನನ್ನು ಕೇಳಿದಳು. ಕರಾರು ಆಗಿದೆ, ದೊಡ್ಡವರು ಮುಂಬೈಯಲ್ಲಿದ್ದಾರೆ, ಕೈಲಾಸ ಪೊಲೀಸರ ಮುಂದೆ ಹೇಳಿದ್ದನ್ನು ಅವರು ಒಪ್ಪುವುದಿಲ್ಲ ಎಂದ. ಬೇಕಿದ್ದರೆ ಮೂಲ ಹಾಡು ತಂದು ಕೇಳಿಸಿ ಎಂದ. ವಕೀಲ ಸೂರ್ಯಕಾಂತರೂ ಕೈ ಚೆಲ್ಲಿದರು. "ಹಾಡು ಬುವಾಂದು ಅಂತ ಊರಿನವರು ಬಾಯಿಲೇ ಹೇಳಿದ್ರ ನಿಲ್ಲೋದಿಲ್ರಿ. ಡಬ್ಬಿ ಅದ ಮ್ಯಾಡಮ್. ಆದರ ಡಬ್ಬಿ ಮ್ಯಾಲೆ ಇರೋದು ಹೆಸರಷ್ಟೇ. ಹೆಸರಿಗಿ ಮಾಲೀಕ ಇಲ್ಲ ಅಂತ ನಾನೇ ಅವರಿಗಿ ಹೇಳೀನಿ." ಉಮಾಕಾಂತ ಸರ್ ಮಾತ್ರ, ಹಾಡು ಬುವಾ ಅವರದೇ ಎಂದು ಮುಂಬೈಗೆ ಒಂದು ಪತ್ರ ಬರೆದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

*

ಹೇಳಿಕೆಗೆ ಸಹಿ ಹಾಕಲು ಸುಮನಬಾಯಿ ಉಮರ್ಗಾ ಠಾಣೆಗೆ ಬಂದದ್ದು ಒಂದು ಸಂಜೆ. ಕೈಲಾಸನೇ ಎಂದು ಗೊತ್ತಾದಾಗಿನಿಂದ ಆಕೆ ಅವನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸಹಿ ಹಾಕಿ ಎದ್ದವಳು ಬಾಗಿಲಲ್ಲಿ ನಿಂತಳು.

"ಟೇಪ್ ತರ್ತೀನಿ ಅಂದಿದ್ರಿ ಬಾಯಿ."

ಮೀನಲ ಕುರ್ಚಿಯಿಂದ ಎದ್ದಳು. ಚಹಾ ಕುಡಿದು ಹೋಗಿ ಎಂದು ಎದುರಿನ ಅಂಗಡಿಗೆ ಕರೆದುಕೊಂಡು ಹೋದಳು. ತಪ್ಪು ಹೊತ್ತಿಗೆ ಕರೆದುಕೊಂಡು ಹೋದಳು. ಅಂಗಡಿಯ ಗೋಡೆಯ ಟಿವಿಯಲ್ಲಿ ಅದೇ ಶುರುವಾಗುತ್ತಿತ್ತು. ಎಳೆ ಜೋಳದ ಹೊಲ, ಹೊಗೆ, ಮೇಲೆ ದೊಡ್ಡ ಅಕ್ಷರದಲ್ಲಿ 'ಸೀತನಿ ಹೊಲ'. ಕೆಳಗೆ ಸಣ್ಣದಾಗಿ, ಸಾಹಿತ್ಯ, ಸಂಗೀತ, ಗಾಯನ: ಕೈಲಾಸ.

"ಬಂದ ಮಾಡು ಅದನ್ನ," ಮೀನಲ ಅಂಗಡಿಯವನಿಗೆ ಹೇಳಿದಳು.

"ಇರಲಿ," ಅಂದಳು ಸುಮನಬಾಯಿ.

ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಹಾಡು ಕೇಳಿದಳು. ಹೆಸರ ಎಂಬಲ್ಲಿಗೆ ಹಾಡು ಬಂತು. ಉಸಿರು ಬಂತು. ಮುದುಕಿಯ ಎದೆಯೂ ಅದರೊಡನೆ ಒಮ್ಮೆ ಏರಿ ಇಳಿಯಿತು. ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣು ಮುಚ್ಚಿದರೆ ಅಲ್ಲಿ ಕೈಲಾಸ ಇರಲಿಲ್ಲ.

ಹಾಡು ಮುಗಿದು ಜಾಹೀರಾತು ಬಂತು. ಕಪ್ಪಿನ ಚಹಾಕ್ಕೆ ಕೆನೆ ಕಟ್ಟಿತ್ತು.

"ಇದು ದಿನಾ ಬರ್ತದೇನ್ರಿ?"

"ಬರ್ತದ್ರಿ ಅವ್ವ."

"ಅಂವಾ ಜೇಲಿಗಿ ಹೋದ್ರೂ?"

"ಹೋದ್ರೂ ಬರ್ತದ."

ಸುಮನಬಾಯಿ ಕಪ್ಪನ್ನು ಕೆಳಗಿಟ್ಟಳು. "ನಮ್ಮ ಮನ್ಯಾಗ ಟಿವಿ ಇಲ್ಲ," ಅಂದಳು ಕಡೆಗೆ, ಬಹಳ ಮೆಲ್ಲಗೆ, ನಾಚಿಕೊಂಡವಳ ಹಾಗೆ.

ಮೀನಲ ಅಂಗಡಿಯವನನ್ನು ಕರೆದು, ನಾಳೆಯಿಂದ ಈ ಹೊತ್ತಿಗೆ ಟಿವಿಯ ಮುಂದೆ ಒಂದು ಕುರ್ಚಿ ಖಾಲಿ ಇಡು ಎಂದು ಹೇಳಿದಳು.